ಎರಡು ಬೀದಿಗೆ ಒಂದು ಕುರ್ಚಿ

ಬೆಳಗಾದರೆ ಏರುಬೀದಿಯ ನಲ್ಲಿಗಳು ಕೆಮ್ಮುತ್ತಿದ್ದವು. ತಿರುಗಿಸಿದರೆ ಮೊದಲು ಗಾಳಿ, ಆಮೇಲೆ ಗೊರಗೊರ ಸದ್ದು, ಕೊನೆಗೆ ದಾರದಷ್ಟು ನೀರು. ದಿಬ್ಬದ ಮೇಲಿನ ಬೀದಿ ಅದು. ನೀರಿಗೂ ಹತ್ತಲು ಸೋಮಾರಿತನ. ಒಂದು ಬಕೆಟ್ ತುಂಬುವ ಹೊತ್ತಿಗೆ ಮಕ್ಕಳ ಸ್ಕೂಲ್ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಆಗ ಒಂದೊಂದು ಕಿಟಕಿಯಿಂದಲೂ ಒಂದೇ ಕೂಗು ಏಳುತ್ತಿತ್ತು: "ನಲ್ಲಿಯಣ್ಣಾ!"

ನಲ್ಲಿಯಣ್ಣ ಅಂದರೆ ಆ ಬೀದಿಯ ಪ್ಲಂಬರ್. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಕೂಗಿದರೆ ಸಾಕು, ಬಾಯಲ್ಲಿ ಬ್ರಷ್ ಇದ್ದರೂ ಪಾನಾ ಹಿಡಿದು ಓಡಿ ಬರುವ ಆಸಾಮಿ. "ನೀನಿಲ್ದೇ ಇದ್ರೆ ನಮ್ಮ ಗತಿ ಏನಪ್ಪಾ" ಎಂದು ಯಾರಾದರೂ ಅಂದರೆ ಮುಗಿಯಿತು, ಅವತ್ತೆಲ್ಲಾ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೊಗಳಿಕೆ ಕೆಟ್ಟದ್ದೇನಲ್ಲ. ಆದರೆ ಅದರ ರುಚಿ ಹತ್ತಿದವನು ಏನಾದರೊಂದು ಎಡವಟ್ಟು ಮಾಡಿಯೇ ಮಾಡುತ್ತಾನೆ. ನಲ್ಲಿಯಣ್ಣನೂ ಮಾಡಿದ.

ಬೀದಿಯ ತಿರುವಿನಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ, ದೊಡ್ಡ ಪೈಪು ಕವಲಾಗುತ್ತಿತ್ತು. ಒಂದು ಕವಲು ಮೇಲಕ್ಕೆ ಏರುಬೀದಿಗೆ, ಇನ್ನೊಂದು ಕೆಳಕ್ಕೆ ಇಳಿಬೀದಿಗೆ. ಯಾರಿಗೆ ಎಷ್ಟು ನೀರು ಎಂದು ತೀರ್ಮಾನಿಸುವ ವಾಲ್ವ್ ಅಲ್ಲಿತ್ತು. ಅದನ್ನು ತಿರುಗಿಸುವ ಕೀಲಿ ಪುರಸಭೆಯ ನೀರು ಬಿಡುವವನ ಹತ್ತಿರ ಮಾತ್ರ ಇರಬೇಕು. ನಲ್ಲಿಯಣ್ಣ ಅಳತೆ ತೆಗೆದು ತಾನೇ ಒಂದು ಮಾಡಿಕೊಂಡ. ಬೆಳಗಿನ ವಾಕಿಂಗ್ ನೆಪದಲ್ಲಿ ಹೋಗಿ ಸ್ವಲ್ಪ ತಿರುಗಿಸಿ ಬಂದ. ಏರುಬೀದಿಗೆ ಸೊಂಪಾಗಿ ನೀರು ಬಂತು! ಮಾರನೇ ವಾರ ಇನ್ನೂ ಸ್ವಲ್ಪ, ಹೀಗೆ ವಾರ ವಾರ ತಿರುಗಿಸುತ್ತ ಹೋದ. ಈ ಹೆಚ್ಚಿನ ನೀರು ಎಲ್ಲಿಂದ ಬರುತ್ತಿದೆ ಎಂದು ಬೀದಿಯಲ್ಲಿ ಒಬ್ಬರೂ ಕೇಳಲಿಲ್ಲ. ಬೇಡದ ಪ್ರಶ್ನೆ ಯಾರಿಗೆ ಬೇಕು?

ಅವನ ಮನಸ್ಸಿನಲ್ಲಿ ದ್ರೋಹವೇನೂ ಇರಲಿಲ್ಲ. 'ಇಳಿಬೀದಿ ತಗ್ಗಿನಲ್ಲಿದೆ, ಅವರಿಗೆ ನೀರು ತಾನಾಗಿ ಇಳಿದುಹೋಗುತ್ತದೆ' ಎಂದು ಅವನ ಲೆಕ್ಕಾಚಾರ. ಇಪ್ಪತ್ತು ವರ್ಷ ಪೈಪಿನ ಜೊತೆ ಬಾಳಿದವನು ಹೀಗೆ ಯೋಚಿಸಬಾರದಿತ್ತು. ಇಳಿಯಲಿಕ್ಕಾದರೂ ನೀರು ಇರಬೇಕಲ್ಲ.

ಒಂದು ಸಂಜೆ ಅಂಚೆ ತಾತ ಮನೆಗೆ ಬಂದ. ನಿವೃತ್ತ ಪೋಸ್ಟ್‌ಮನ್, ಏರುಬೀದಿ ಇಳಿಬೀದಿ ಎರಡೂ ಸೇರಿದ ವಾರ್ಡಿನ ಪುರಸಭಾ ಸದಸ್ಯನಾಗಿದ್ದವನು. ಮೊಣಕಾಲಿನ ಆಪರೇಷನ್ ಆದಮೇಲೆ ಪುರಸಭೆಯ ಮೆಟ್ಟಿಲು ಹತ್ತಲಾರದೆ ರಾಜೀನಾಮೆ ಕೊಟ್ಟಿದ್ದ. ಕೋಲು ಗೋಡೆಗೆ ಒರಗಿಸಿ, ಕುರ್ಚಿಯಲ್ಲಿ ಕೂತು, ನೇರವಾಗಿ ನಲ್ಲಿಯಣ್ಣನ ಹೆಂಡತಿಯ ಕಡೆ ನೋಡಿದ.

"ಮಗಳೇ, ಉಪಚುನಾವಣೆ ಬರ್ತಿದೆ. ನೀನು ನಿಂತ್ಕೋ."

ಅವಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ "ಈಗ ಹೇಗಿದೆ? ಕಿವಿ ಹತ್ರ ಒತ್ತುತ್ತಾ?" ಎಂದು ಬೇಸರವಿಲ್ಲದೆ ಕೇಳುವುದು ಅವಳ ಕಸುಬು. ಈಗ ಅವಳೇ ಕಣ್ಣು ಪಿಳಿಪಿಳಿ ಬಿಟ್ಟಳು.

ಉತ್ತರ ಕೊಟ್ಟವನು ನಲ್ಲಿಯಣ್ಣ. "ತಾತಾ, ನಿಮಗೇನು ತಮಾಷೆಯಾ? ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತ ದೊಡ್ಡೋರು ಸುಮ್ನೆ ಹೇಳಿದ್ದಾರಾ? ಇವತ್ತು ಹಾರ ಹಾಕೋರು ನಾಳೆ ಬಾಗಿಲಿಗೆ ಬಂದು ಬಯ್ತಾರೆ."

"ಬಯ್ತಾರಪ್ಪ. ನನ್ನನ್ನೂ ಬೈದ್ರು. ಸತ್ತುಹೋದ್ನಾ?"

"ಅಲ್ಲಾ ತಾತಾ, ಇವಳು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ."

"ನಾನು ಹತ್ತಿದ್ನಾ? ಡಿಗ್ರಿ ಯಾರೂ ಕೇಳಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ವಯಸ್ಸಾಗಿರಬೇಕು, ಅರ್ಜಿಗೆ ಸೂಚಕರ, ಅಂದ್ರೆ ನಿನ್ನ ಹೆಸರು ಸೂಚಿಸೋರ, ಸಹಿ ಬೇಕು. ಉಳಿದದ್ದನ್ನ ಚುನಾವಣಾ ಕಚೇರಿಯಲ್ಲಿ ಕೇಳಿದ್ರೆ ಅವರೇ ಹೇಳ್ತಾರೆ, ಅದಕ್ಕೇ ಅವರು ಅಲ್ಲಿರೋದು."

ಈಗ ಅವಳು ಬಾಯಿ ಬಿಟ್ಟಳು. "ತಾತಾ, ನಿಜವಾಗ್ಲೂ ಕೇಳ್ತೀನಿ. ಮೆಂಬರ್ ಆದವರು ಅಲ್ಲಿ ಮಾಡೋದೇನು?"

ತಾತನಿಗೆ ಈ ಪ್ರಶ್ನೆಯೇ ಬೇಕಿತ್ತು. "ಮೊದಲನೇದು, ಕೇಳಿಸ್ಕೊಳ್ಳೋದು. ಅರ್ಧ ಕೆಲಸ ಅದೇ. ಸಭೆಗೆ ಮುಂಚೆ ಕಾಗದ ಕಳಿಸ್ತಾರೆ, ಕೂತು ಓದಬೇಕು. ಓದದೇ ಹೋದವನು ಅಲ್ಲಿ ಬೊಂಬೆ. ಸಭೆಯಲ್ಲಿ ನಮ್ಮ ಬೀದಿಯ ವಿಷಯ ಎತ್ತಬೇಕು, ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳಬೇಕು, ಕೈ ಎತ್ತಿ ವೋಟು ಹಾಕಬೇಕು. ಆಮೇಲೆ ಆದ ತೀರ್ಮಾನ ಕೆಲಸಕ್ಕೆ ಬಂತಾ ಇಲ್ವಾ ಅಂತ ಬೆನ್ನು ಹತ್ತಬೇಕು. ಒಬ್ಬರೇ ಏನೂ ಮಾಡಕ್ಕಾಗಲ್ಲ ಮಗಳೇ. ಹೆಚ್ಚು ಜನ ಒಪ್ಪಿದ್ರೆ ಮಾತ್ರ ಆಗೋದು."

"ಒಬ್ಬರೇ ಏನೂ ಮಾಡಕ್ಕಾಗಲ್ವಂತೆ!" ನಲ್ಲಿಯಣ್ಣ ನಕ್ಕ. "ನೋಡಿ ತಾತಾ, ಈ ಬೀದಿಗೆ ನೀರು ತಂದಿದ್ದು ಯಾವ ಸಭೆ? ಒಬ್ಬನೇ ಮಾಡ್ದೆ."

"ಹೌದಾ? ಹೇಗೆ?" ತಾತ ಕೇಳಿದ.

ನಲ್ಲಿಯಣ್ಣನಿಗೆ ತಟ್ಟನೆ ಕೆಮ್ಮು ಬಂತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ. "ಅದು... ಕಸುಬಿನ ಗುಟ್ಟು ತಾತಾ" ಎಂದು ಒಳಗೆ ಹೋಗಿಬಿಟ್ಟ. ತಾತ ಹೊರಡುವಾಗ, "ಸಭೆಗೆ ಯಾರು ಬೇಕಾದ್ರೂ ಹೋಗಿ ಹಿಂದೆ ಕೂತು ನೋಡಬಹುದು. ಒಂದು ಸಲ ನೋಡು, ಆಮೇಲೆ ಬೇಡ ಅನ್ನು" ಎಂದು ಹೇಳಿ ಹೋದ.

ಎರಡು ದಿನ ಕಳೆದಿರಬೇಕು, ನಲ್ಲಿಯಣ್ಣನ ಅಕ್ಕನ ಫೋನು ಬಂತು. ಅಕ್ಕ ಇಳಿಬೀದಿಯಲ್ಲಿ ಲಾಂಡ್ರಿ ನಡೆಸುತ್ತಿದ್ದಳು. ಲಾಡ್ಜಿನ ಚಾದರ, ಕ್ಲಿನಿಕ್ಕಿನ ಹಾಸಿಗೆ ಬಟ್ಟೆ, ಹೋಟೆಲಿನ ಟವೆಲ್ಲು ಎಲ್ಲ ಅವಳಲ್ಲೇ ಒಗೆಯಲು ಬರುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಆ ಅಂಗಡಿಯಿಂದಲೇ ಮಗಳನ್ನು ಓದಿಸಿ ಮದುವೆ ಮಾಡಿದ್ದಳು. ಯಾರ ಮುಂದೆಯೂ ಕೈ ಚಾಚದ ಹೆಂಗಸು. ತಮ್ಮನ ಮುಂದೆ ಕೂಡ.

"ಏನಿಲ್ಲ ಕಣೋ. ಈ ತಿಂಗಳು ಮುಗಿದ್ಮೇಲೆ ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗೋಣ ಅಂತಿದೀನಿ. ಹೇಳ್ಬೇಕಲ್ಲ, ಹೇಳ್ದೆ."

"ಯಾಕಕ್ಕಾ? ಏನಾಯ್ತು?"

"ನೀರಿಲ್ಲ. ನೀರಿಲ್ದೇ ಏನು ಒಗೀಲಿ? ಕ್ಲಿನಿಕ್‌ನವರು ಬೇರೆ ಕಡೆ ಕೊಟ್ಟುಬಿಟ್ರು. ಸಾಕಾಯ್ತು ನಂಗೂ."

ನಲ್ಲಿಯಣ್ಣ ಚೀಲ ಹೆಗಲಿಗೇರಿಸಿ ದಿಬ್ಬ ಇಳಿದ. 'ನಾನಿರುವಾಗ ನನ್ನಕ್ಕನ ನಲ್ಲಿ ಕೆಡುವುದೆಂದರೇನು' ಎಂಬ ರೋಷ. ಹೋದವನೇ ನಲ್ಲಿ ಬಿಚ್ಚಿದ, ಮೀಟರ್ ಬಿಚ್ಚಿದ, ತೊಟ್ಟಿಯ ತೇಲುಗುಂಡು ಬಿಚ್ಚಿದ. ಎರಡು ವಾಷಿಂಗ್ ಮೆಷಿನ್ನುಗಳ ಹಿಂದೆ ನುಸುಳಿ ಮೈಯೆಲ್ಲ ಧೂಳು ಮಾಡಿಕೊಂಡು ಹೊರಬಂದ. ಎಲ್ಲಿಯೂ ಕಸವಿಲ್ಲ, ತುಕ್ಕಿಲ್ಲ. ನೆಲದ ತುಂಬ ಬಿಚ್ಚಿದ ಸಾಮಾನು, ಮಧ್ಯೆ ಬೆವರು ಸುರಿಸುತ್ತ ಕೂತ ತಮ್ಮ. ಒಗೆಯದ ಚಾದರದ ಮೂಟೆಯ ಮೇಲೆ ಕೂತ ಅಕ್ಕ ಸುಮ್ಮನೆ ನೋಡುತ್ತಿದ್ದಳು.

"ಇಲ್ಲೇನೂ ಕೆಟ್ಟಿಲ್ಲ ಅಣ್ಣಾ" ಎಂದು ಪಕ್ಕದ ಮನೆಯ ಡ್ರೈವರ್ ಬಾಗಿಲಲ್ಲಿ ನಿಂತು ಹೇಳಿದ. "ಎರಡು ತಿಂಗಳಿಂದ ಇಡೀ ಬೀದೀಗೇ ಹಿಂಗೆ. ಮೊದಲು ಸ್ವಲ್ಪ ಕಮ್ಮಿ ಆಯ್ತು, ಆಮೇಲೆ ಇನ್ನೂ ಕಮ್ಮಿ ಆಯ್ತು. ವಾರ ವಾರ ಯಾರೋ ಗಂಟಲು ಹಿಸುಕಿದ ಹಾಗೆ."

ವಾರ ವಾರ. ನಲ್ಲಿಯಣ್ಣನ ಕೈಯಲ್ಲಿದ್ದ ಪಾನಾ ಅಲ್ಲೇ ನಿಂತಿತು. ಇಡೀ ಅಂಗಡಿ ಬಿಚ್ಚಿ ಹುಡುಕುತ್ತಿದ್ದ ದೋಷ ತಾನೇ ಎಂದು ಅವನಿಗೆ ಆಗ ಹೊಳೆಯಿತು. ನಾಚಿಕೆ ಎಂದರೆ ಅಂಥ ನಾಚಿಕೆ. ಅಕ್ಕನ ಮುಖ ನೋಡಲಾಗಲಿಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಕೂಡಿಸಿ, ಅವಳು ಕೊಟ್ಟ ಚಹಾ ಅರ್ಧ ಕುಡಿದು, ಮನೆಗೆ ಬಂದು ಹೆಂಡತಿಯ ಮುಂದೆ ಕೂತು ಎಲ್ಲ ಹೇಳಿದ.

ಅವಳು ಕೇಳಿ ಮುಗಿಸಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಅನಿಸಿತು.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನೀವು ಸ್ವಂತ ಅಕ್ಕನ ಬಾಯಿಂದ ನೀರು ಕಿತ್ತು ಬೀದಿಗೆ ಹಂಚಿದ್ರಾ?"

"ನಂಗೆ ಗೊತ್ತಿರ್ಲಿಲ್ಲ ಕಣೇ. ಈಗ್ಲೇ ಹೋಗಿ ವಾಪಸ್ ತಿರುಗಿಸಿ ಬರ್ತೀನಿ."

"ತಿರುಗಿಸಿದ್ರೆ ಇಲ್ಲಿ ನೀರು ಹೋಗುತ್ತೆ. ನಾಳೆ ಬೆಳಿಗ್ಗೆ ಕಿಟಕಿ ಕಿಟಕಿಯಿಂದ ನಲ್ಲಿಯಣ್ಣಾ ಅಂತಾರೆ. ಅವರಿಗೇನು ಹೇಳ್ತೀರಿ?"

ಅತ್ತ ದರಿ, ಇತ್ತ ಪುಲಿ. ನಲ್ಲಿಯಣ್ಣ ತಲೆ ಮೇಲೆ ಕೈಹೊತ್ತು ಕೂತ. ಎರಡು ಬೀದಿಗೂ ಸಾಲುವಷ್ಟು ನೀರು ಆ ಹಳೇ ಪೈಪಿನಲ್ಲಿ ಬರುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೈಪೇ ಬದಲಾಗಬೇಕು. ಅದು ಅವನ ಚೀಲದಲ್ಲಿದ್ದ ಯಾವ ಸಾಮಾನಿನಿಂದಲೂ ಆಗುವ ಕೆಲಸವಲ್ಲ.

"ಸಭೆ ಯಾವತ್ತಂತೆ?" ಎಂದು ಹೆಂಡತಿ ಕೇಳಿದಳು.

ಪುರಸಭೆಯ ಸಭಾಂಗಣದಲ್ಲಿ ಉದ್ದದ ಮೇಜು, ಸುತ್ತ ಸದಸ್ಯರ ಕುರ್ಚಿಗಳು, ಒಂದೊಂದರ ಮುಂದೆ ವಾರ್ಡಿನ ಫಲಕ. ಹಿಂದೆ ಸಾರ್ವಜನಿಕರಿಗೆ ಬೆಂಚು. ಬೆಂಚಿನಲ್ಲಿ ಇವರಿಬ್ಬರನ್ನು ಬಿಟ್ಟರೆ ಫ್ಯಾನಿನ ಗಾಳಿಗೆ ಬಂದು ತೂಕಡಿಸುತ್ತಿದ್ದ ಒಬ್ಬ ಅಜ್ಜ ಮಾತ್ರ ಇದ್ದ.

ಹಳೆಯ ನೀರಿನ ಪೈಪು ಬದಲಿಸುವ ವಿಷಯ ಬಂತು. ಪಕ್ಕದ ವಾರ್ಡಿನ ಸದಸ್ಯ ಬೇಕರಿಯವನು. ಎದ್ದು ನಿಂತು, ಯಾವ ಮನೆಗೆ ಎಷ್ಟು ಹೊತ್ತು ನೀರು, ಎಲ್ಲಿ ಸೋರುತ್ತಿದೆ ಎಂದು ಫೋಟೋ ಸಮೇತ ಹೇಳಿದ. ಯಾರೂ ಕೂಗಾಡಲಿಲ್ಲ, ಮೇಜು ಕುಟ್ಟಲಿಲ್ಲ. ನಾಲ್ಕು ಪ್ರಶ್ನೆ ಕೇಳಿದರು, ಕೈ ಎತ್ತಿದರು, ಅವನ ವಾರ್ಡಿಗೆ ಹೊಸ ಪೈಪು ಮಂಜೂರಾಯಿತು.

ಆಮೇಲೆ ಅಧ್ಯಕ್ಷೆ ಏರುಬೀದಿ, ಇಳಿಬೀದಿಯ ಹೆಸರು ಓದಿದರು. "ಈ ವಾರ್ಡಿನ ಬಗ್ಗೆ ಹೇಳುವವರು?"

ಅಂಚೆ ತಾತನ ಕುರ್ಚಿ ಖಾಲಿ. ಎಲ್ಲರೂ ಒಂದು ಗಳಿಗೆ ಅದನ್ನೇ ನೋಡಿದರು.

"ಸರಿ, ಮಾಹಿತಿ ಇಲ್ಲ. ಮುಂದಕ್ಕೆ ಹಾಕೋಣ."

"ನಾನ್ ಹೇಳ್ತೀನಿ!" ನಲ್ಲಿಯಣ್ಣ ಬೆಂಚಿನಿಂದ ಛಂಗನೆ ಎದ್ದ. ತೂಕಡಿಸುತ್ತಿದ್ದ ಅಜ್ಜನೂ ಬೆಚ್ಚಿ ಎದ್ದ.

"ದಯವಿಟ್ಟು ಕೂತ್ಕೊಳ್ಳಿ" ಎಂದರು ಅಧ್ಯಕ್ಷೆ, ಸಿಟ್ಟಿಲ್ಲದೆ. "ಸಾರ್ವಜನಿಕರಿಗೆ ಕೊನೆಯಲ್ಲಿ ಸಮಯ ಇದೆ, ಆಗ ಖಂಡಿತ ಹೇಳಿ. ಆದ್ರೆ ವಿಷಯ ಮಂಡಿಸೋದು, ವೋಟು ಹಾಕೋದು ಸದಸ್ಯರು ಮಾತ್ರ."

ಕೊನೆಯಲ್ಲಿ ಅವನು ಎದ್ದು ನಿಂತ. ಹೆಂಡತಿ ಬೆನ್ನಿಗೊಮ್ಮೆ ಮೆಲ್ಲಗೆ ತಿವಿದಳು. ವಾಲ್ವ್ ತಿರುಗಿಸಿದವನು ತಾನೇ ಎಂದು ಒಪ್ಪಿಕೊಂಡು, ಕೀಲಿ ತೆಗೆದು ಮೇಜಿನ ಮೇಲಿಟ್ಟ. ಮಾಡಿದ್ದುಣ್ಣೋ ಮಹರಾಯ, ಪುರಸಭೆ ದಂಡ ಹಾಕಿತು. ಇಂಜಿನಿಯರ್ ಮಾರನೇ ದಿನವೇ ಬಂದು ವಾಲ್ವನ್ನು ಸಮ ಮಾಡಿ ಬೀಗ ಹಾಕಿದರು. ಎರಡೂ ಬೀದಿಗೆ ಅರೆಬರೆ ನೀರು ಬಂತು. ಅಕ್ಕನ ಒಂದು ಮೆಷಿನ್ನು ತಿರುಗಲು ಸಾಕು, ಎರಡಕ್ಕೆ ಸಾಲದು.

ಅಂದು ಸಭೆಯಿಂದ ಮನೆಗೆ ನಡೆದು ಬರುವಾಗ ನಲ್ಲಿಯಣ್ಣನೇ ಮಾತು ತೆಗೆದ. "ನೀನು ನಿಂತ್ಕೋ ಕಣೇ. ನಮ್ಮ ಬೀದಿ ಹೆಸರು ಓದಿದಾಗ ಬಾಯಿದ್ದೂ ಮಾತಾಡಕ್ಕಾಗ್ಲಿಲ್ವಲ್ಲ, ಹೊಟ್ಟೆ ಉರೀತು ನಂಗೆ."

"ನಿಮಗೆ ಮನೆಕೆಲಸ ಹೆಚ್ಚಾಗುತ್ತೆ. ಸಭೆ ದಿನ ಅಡುಗೆ ನಿಮ್ಮದು."

"ಮಾಡ್ತೀನಿ."

"ನೀವು ಮಾಡಿದ್ದನ್ನ ಮಕ್ಕಳು ತಿನ್ನಬೇಕಲ್ಲ" ಎಂದು ಅವಳು ಎಷ್ಟೋ ದಿನದ ಮೇಲೆ ನಕ್ಕಳು.

ಅವಳು ಅಕ್ಕನ ಅಂಗಡಿಗೆ ಹೋಗಿ ವಿಷಯ ಹೇಳಿದಳು, ಗಂಡ ಮಾಡಿದ್ದನ್ನೂ ಬಚ್ಚಿಡಲಿಲ್ಲ. ಅಕ್ಕ ಕೈಯಲ್ಲಿದ್ದ ಚಾದರ ಮಡಚಿಟ್ಟು, "ಅವನ ಕಿವಿ ಹಿಂಡಕ್ಕೆ ನಂಗೆ ವಯಸ್ಸಾಯ್ತು, ನೀನೇ ಹಿಂಡು" ಅಂದಳು. ಆಮೇಲೆ, "ಚುನಾವಣೆ ಆಗೋವರೆಗೆ ಇರ್ತೀನಿ. ಅಷ್ಟೇ ಹೇಳಬಲ್ಲೆ" ಅಂದಳು.

ಪ್ರಚಾರ ಅಂದರೆ ಮೈಕು, ಮೆರವಣಿಗೆ ಏನೂ ಇಲ್ಲ. ಕೆಲಸ ಮುಗಿಸಿ ಸಂಜೆ ಮನೆ ಮನೆಗೆ ನಡೆದಳು. ಏರುಬೀದಿಯಲ್ಲಿ ಮುಖ ಗಂಟಿಕ್ಕಿದರು. "ಗಂಡ ತಂದ ನೀರನ್ನ ಹೆಂಡ್ತಿ ಕೊಟ್ಟು ಬಂದ್ಲು" ಎಂದು ಒಬ್ಬ ಹೆಂಗಸು ಮುಖಕ್ಕೇ ಹೇಳಿದಳು.

"ಅದು ತಂದ ನೀರಲ್ಲ ಅಕ್ಕಾ, ಕದ್ದ ನೀರು. ನಿಮಗೂ ಸಿಗಬೇಕು, ಕೆಳಗಿನವರಿಗೂ ಸಿಗಬೇಕು. ಅದಕ್ಕೇ ಕೇಳೋಕೆ ಹೋಗ್ತಿರೋದು."

"ಎಷ್ಟು ದಿನದಲ್ಲಿ ತರ್ತೀಯಾ?"

"ಗೊತ್ತಿಲ್ಲ. ಕೇಳ್ಕೊಂಡು ಬಂದು ಹೇಳ್ತೀನಿ."

ಹಾಗೆಂದವಳು ನಿಜವಾಗಿಯೂ ಇಂಜಿನಿಯರ್ ಹತ್ತಿರ ಹೋಗಿ ಕೇಳಿ, ಅದೇ ಬಾಗಿಲಿಗೆ ವಾಪಸ್ಸು ಬಂದು ಹೇಳಿದಳು. ಬರುತ್ತೇನೆ ಎಂದವರು ಬರುವುದನ್ನು ಕಂಡು ಆ ಹೆಂಗಸಿಗೇ ಆಶ್ಚರ್ಯವಾಯಿತು. ಕುರ್ಚಿ ಹಾಕಿ ಕೂರಿಸಿದಳು. ಚುನಾವಣೆಯಲ್ಲಿ ನಲ್ಲಿಯಣ್ಣನ ಹೆಂಡತಿ ಗೆದ್ದಳು. ಭರ್ಜರಿಯಾಗಿ ಏನಲ್ಲ, ಅಂತೂ ಗೆದ್ದಳು.

ಅಲ್ಲಿಂದ ಮನೆಯ ಊಟದ ಮೇಜಿನ ಮೇಲೆ ಸಭೆಯ ಕಾಗದಗಳು ಬಂದು ಕೂತವು. ಅರ್ಥವಾಗದ್ದಕ್ಕೆ ಗೆರೆ ಹಾಕಿ ಅಂಚೆ ತಾತನ ಹತ್ತಿರ ಒಯ್ಯುತ್ತಿದ್ದಳು. ತನಗೆ ವೋಟು ಹಾಕಿದವರು, ಹಾಕದವರು, ಬೈದವರು ಯಾರು ಬಂದರೂ ಸಾಲಿನಲ್ಲಿ ಕೂರಿಸಿ ಕೇಳುತ್ತಿದ್ದಳು. ಒಂದು ದಿನ ನಲ್ಲಿಯಣ್ಣ ಚಹಾ ಕೇಳಲು ಇಣುಕಿದಾಗ, "ನಿಮ್ಮ ಮುಂದೆ ಇಬ್ಬರಿದ್ದಾರೆ" ಎಂದಳು.

ಪೈಪಿನ ವಿಷಯ ಮೊದಲ ಸಭೆಯಲ್ಲಿ ಆಗಲಿಲ್ಲ. ಹಣ ಸಾಲದು ಎಂದರು. ಮುಂದಿನ ಸಭೆಯಲ್ಲಿ ಬೇಕರಿಯವನ ಬೆಂಬಲ ಪಡೆದಳು. ಅವನ ವಾರ್ಡಿನ ಬೀದಿದೀಪದ ವಿಷಯಕ್ಕೆ ಇವಳು ಕೈ ಎತ್ತಿದ್ದಳು, ಅದು ನ್ಯಾಯವಾದ ಬೇಡಿಕೆ ಎಂದೇ ಎತ್ತಿದ್ದಳು. ಕೊನೆಗೆ ಎರಡು ಬೀದಿಗೂ ಹೊಸ ಪೈಪು ಮಂಜೂರಾಯಿತು.

ಆಗ ನಲ್ಲಿಯಣ್ಣನ ಕಣ್ಣು ಹೊಳೆಯಿತು. "ಪೈಪ್ ಹಾಕೋ ಕೆಲಸ ಯಾರಿಗೆ ಕೊಡ್ತಾರೆ? ನಂಗೇ ಕೊಡಿಸ್ಬಿಡು. ಊರಲ್ಲಿ ನನ್ನಷ್ಟು ಚೆನ್ನಾಗಿ ಮಾಡೋರು ಯಾರಿದ್ದಾರೆ?"

"ಯಾರೂ ಇಲ್ಲ. ಆದ್ರೂ ಆ ವಿಷಯ ಬಂದಾಗ ನಾನು ಎದ್ದು ಹೊರಗೆ ಹೋಗ್ತೀನಿ."

"ಯಾಕೆ? ನಿನ್ನ ಗಂಡ ಅಲ್ವಾ ನಾನು?"

"ಅದಕ್ಕೇ ರೀ. ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಗುತ್ತೆ. ನಮ್ಮನೆಗೆ ಲಾಭ ಬರೋ ವಿಷಯ ಇದ್ರೆ ಮೊದಲೇ ಹೇಳಿ ದೂರ ಕೂರಬೇಕು, ವೋಟು ಹಾಕಬಾರದು. ನೀವು ಅರ್ಜಿ ಹಾಕಿ, ಬೇಡ ಅನ್ನಲ್ಲ. ನನ್ನ ಹೆಸರು ಮಾತ್ರ ಹೇಳಬೇಡಿ."

ಹೇಳಿದಂತೆ ಮಾಡಿದಳು. "ಅರ್ಜಿ ಹಾಕಿದವರಲ್ಲಿ ನನ್ನ ಗಂಡ ಇದ್ದಾರೆ" ಎಂದು ಸಭೆಗೆ ತಿಳಿಸಿ, ಹೊರಗಿನ ಮೊಗಸಾಲೆಯಲ್ಲಿ ಕೂತಳು. ಕೆಲಸ ಬೇರೆಯವರ ಪಾಲಾಯಿತು. ಗೆದ್ದೆತ್ತಿನ ಬಾಲ ಹಿಡಿಯಲು ಹೋದ ನಲ್ಲಿಯಣ್ಣನಿಗೆ ಬಾಲವೂ ಸಿಗಲಿಲ್ಲ. ಒಂದು ದಿನ ಪೂರ್ತಿ ಮುಖ ಊದಿಸಿಕೊಂಡಿದ್ದ. ಮಾರನೇ ದಿನ ಗುಂಡಿ ತೋಡುವುದನ್ನು ನೋಡಲು ಹೋಗಿ, ಇನ್ನಷ್ಟು ಆಳ ಇರಲಿ ಎಂದು ಕೇಳದೇ ಇದ್ದರೂ ಸಲಹೆ ಕೊಟ್ಟು ಬಂದ.

ಹೊಸ ಪೈಪಿನಲ್ಲಿ ನೀರು ಬಿಟ್ಟ ಬೆಳಿಗ್ಗೆ ಏರುಬೀದಿಯ ಕಿಟಕಿಗಳಿಂದ ಯಾವ ಕೂಗೂ ಬರಲಿಲ್ಲ. ನಲ್ಲಿಯಣ್ಣ ದಡದಡನೆ ದಿಬ್ಬ ಇಳಿದು ಅಕ್ಕನ ಅಂಗಡಿಗೆ ಹೋದ. ಎರಡೂ ಮೆಷಿನ್ನು ಒಟ್ಟಿಗೆ ತಿರುಗುತ್ತಿದ್ದವು. ಕ್ಲಿನಿಕ್ಕಿನ ಬಿಳಿ ಬಟ್ಟೆಯ ಮೂಟೆಗಳು ಮತ್ತೆ ಬಾಗಿಲಲ್ಲಿ ಬಂದು ಬಿದ್ದಿದ್ದವು. ಅಕ್ಕ ತೋಳು ಮಡಚಿ ನಿಂತಿದ್ದಳು, ಮೈಯೆಲ್ಲ ಒದ್ದೆ, ಮುಖ ಅರಳಿತ್ತು. ಅವನು ಒಂದು ಮೂಟೆ ಎತ್ತಿ ಒಳಗಿಟ್ಟ.

"ಅಕ್ಕಾ, ಮಗಳ ಊರಿಗೆ ಹೋಗಲ್ವಾ?"

"ಹೋಗ್ತೀನಿ, ಮೊಮ್ಮಗು ನೋಡ್ಕೊಂಡು ಬರಕ್ಕೆ. ಬಂದ್ಮೇಲೆ ಮೂರನೇ ಮೆಷಿನ್ ತರ್ತೀನಿ. ಅದರ ಪೈಪ್ ನೀನೇ ಹಾಕ್ಬೇಕು, ಗೊತ್ತಾಯ್ತಾ? ಈ ಕೆಲಸಕ್ಕೆ ಸಭೆ ಕರೆಯೋದೇನೂ ಬೇಡ, ನಾನೊಬ್ಬಳೇ ತೀರ್ಮಾನ ಮಾಡ್ತೀನಿ."

ಇಬ್ಬರೂ ನಕ್ಕರು. ನಲ್ಲಿಯಣ್ಣ ಅಂದು ಮನೆಗೆ ಬಂದಾಗ ಬಾಗಿಲಲ್ಲಿ ಇಳಿಬೀದಿಯ ಡ್ರೈವರ್ ನಿಂತು "ಮೆಂಬರ್ ಇದ್ದಾರಾ?" ಎಂದು ಕೇಳುತ್ತಿದ್ದ. "ಇದ್ದಾರೆ, ಕೂತ್ಕೋ. ನಾನು ಮೆಂಬರ್ ಗಂಡ" ಎಂದು ಒಳಗೆ ಕರೆದ ಅವನ ದನಿಯಲ್ಲಿ ಹೆಮ್ಮೆಯಿತ್ತು.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಊರಿನ ಸಭೆಯಲ್ಲಿ ನಿಮ್ಮ ಬೀದಿಯ ಹೆಸರು ಓದಿದಾಗ ಎದ್ದು ಉತ್ತರ ಹೇಳುವವರು ಯಾರು, ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಮುಂದಿನ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳಿ. ನಿಯಮಗಳು ಊರಿಂದ ಊರಿಗೆ ಬೇರೆ; ನಿಮ್ಮ ಕಚೇರಿಯಲ್ಲಿ ಕೇಳಿ, ಕೇಳಲು ಅಳುಕಬೇಡಿ. ಜನರ ಮಾತು ಕೇಳುವ ತಾಳ್ಮೆ ನಿಮಗಿದ್ದರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯವಿದ್ದರೆ, ನೀವು ನಿಲ್ಲಬಹುದು. ನಿಲ್ಲುವ ಮನಸ್ಸಿಲ್ಲವೇ, ನಿಲ್ಲಬಲ್ಲವರ ಬಾಗಿಲು ತಟ್ಟಿ ಹೇಳಿ, ಅವರ ಮನೆಯ ಅಡುಗೆಗಾದರೂ ಹೆಗಲು ಕೊಡಿ. ಬೈಯಲು ಒಬ್ಬ ಮೆಂಬರ್ ಬೇಕು ಎಂದು ನಾವೆಲ್ಲ ಹುಡುಕುತ್ತೇವೆ. ಒಂದು ಸಲ ಬೈಸಿಕೊಳ್ಳುವ ಕುರ್ಚಿಯಲ್ಲೂ ಕೂತು ನೋಡಿ; ಕೆಲಸ ಆಗುವುದು ಅಲ್ಲಿಂದಲೇ.